ಯಾರ್ಡ್ ಹೈಡ್ರಂಟ್: ಕುದುರೆ ಫಾರ್ಮ್‌ಗಳಲ್ಲಿ ಬಳಕೆ, ದೋಷಪತ್ತೆ, ದುರಸ್ತಿ

ಯಾರ್ಡ್ ಹೈಡ್ರಂಟ್ ಎಂದರೆ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಸೀಮೆಗಳಲ್ಲಿ ವರ್ಷವಿಡೀ ನೀರು ಪಡೆಯಲು ಬಯಲಿನಲ್ಲೋ ಲಾಯದೊಳಗೋ ನಿಲ್ಲಿಸುವ ಕಂಬದಂಥ ನಲ್ಲಿ. ಇದರ ವಾಲ್ವ್ ಹೆಪ್ಪುಗಟ್ಟುವ ಮಣ್ಣಿನ ಪದರಕ್ಕಿಂತ ಕೆಳಗಿರುತ್ತದೆ. ನಲ್ಲಿ ಮುಚ್ಚಿದಾಗ ಕಂಬದೊಳಗೆ ಉಳಿದ ನೀರು ತಾನಾಗಿಯೇ ಮಣ್ಣಿಗೆ ಬಸಿದುಹೋಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾದ ಕುದುರೆ ಫಾರ್ಮ್‌ಗಳಲ್ಲಿ, ದನದ ಹಟ್ಟಿಗಳಲ್ಲಿ, ಶಿಬಿರತಾಣಗಳಲ್ಲಿ ಇದು ಸಾಮಾನ್ಯ ಉಪಕರಣ. ಬೀದಿಬದಿಯ ಅಗ್ನಿಶಾಮಕ ಹೈಡ್ರಂಟ್‌ಗೂ ಇದಕ್ಕೂ ತತ್ತ್ವದಲ್ಲಿ ನೆಂಟಸ್ತಿಕೆಯಿದೆ, ಗಾತ್ರದಲ್ಲೂ ಬಳಕೆಯಲ್ಲೂ ಇಲ್ಲ. ಈ ಲೇಖನದಲ್ಲಿ ‘ಹೈಡ್ರಂಟ್’ ಎಂದು ಬಂದಲ್ಲೆಲ್ಲ ಯಾರ್ಡ್ ಹೈಡ್ರಂಟ್ ಎಂದೇ ಅರ್ಥ. ಚಳಿಗಾಲದಲ್ಲಿ ಮಣ್ಣು ಎಷ್ಟು ಆಳದವರೆಗೆ ಹೆಪ್ಪುಗಟ್ಟುತ್ತದೋ ಆ ಮಟ್ಟವನ್ನು ‘ಹೆಪ್ಪುಗೆರೆ’ ಎಂದೂ, ಉಳಿದ ನೀರು ಹೊರಬೀಳುವ ಸಣ್ಣ ತೂತನ್ನು ‘ಬಸಿಗಂಡಿ’ ಎಂದೂ ಕರೆಯಲಾಗಿದೆ.

ಹಿನ್ನೆಲೆ

ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಮುಚ್ಚಿದ ಪೈಪಿನೊಳಗೆ ಈ ಹಿಗ್ಗಿಗೆ ಎಡೆ ಸಿಗದಿದ್ದರೆ ಎರಕದ ಕಬ್ಬಿಣವೂ ಸೀಳಿಹೋಗುತ್ತದೆ. ಹಾಗಾಗಿ ಶೀತಪ್ರದೇಶದ ಬಯಲಿನಲ್ಲಿ ಸಾಧಾರಣ ನಲ್ಲಿ ಒಂದು ಚಳಿಗಾಲವನ್ನೂ ದಾಟುವುದಿಲ್ಲ. ಕೈಪಂಪುಗಳ ಕಾಲದಲ್ಲೇ ಇದಕ್ಕೊಂದು ಉಪಾಯ ರೂಢಿಯಲ್ಲಿತ್ತು. ಬಾವಿಗೆ ಇಳಿಬಿಟ್ಟ ಪೈಪಿನಲ್ಲಿ, ಹೆಪ್ಪುಗೆರೆಗಿಂತ ಕೆಳಗೆ, ಒಂದು ಸಣ್ಣ ತೂತು ಕೊರೆದಿಡುತ್ತಿದ್ದರು. ಪಂಪು ಹೊಡೆಯುವುದನ್ನು ನಿಲ್ಲಿಸಿದ ಮೇಲೆ ಮೇಲಿನ ಭಾಗದ ನೀರು ಆ ತೂತಿನಿಂದ ಬಾವಿಗೆ ವಾಪಸು ಜಾರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಅಗ್ನಿಶಾಮಕ ಹೈಡ್ರಂಟ್‌ಗಳಲ್ಲೂ ಕಂಬವನ್ನು ಒಣಗಿಸಿಡುವ ಕ್ರಮ ಬೆಳೆಯಿತು. ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್ ಊರಿನ ಬರ್ಡ್‌ಸಿಲ್ ಹಾಲಿ 1869ರಲ್ಲಿ ಅಗ್ನಿಶಾಮಕ ಹೈಡ್ರಂಟ್‌ಗೆ ಪೇಟೆಂಟ್ ಪಡೆದನು.

ಕೃಷಿ ನೆಲೆಗಳಿಗೆ ಯಾರ್ಡ್ ಹೈಡ್ರಂಟ್ ವ್ಯಾಪಕವಾಗಿ ಬರಲು ವಿದ್ಯುತ್ ಬರಬೇಕಾಯಿತು. ವಾಲ್ವ್ ತೆರೆದೊಡನೆ ನೀರು ಚಿಮ್ಮಬೇಕಾದರೆ ಪೈಪಿನಲ್ಲಿ ಸದಾ ಒತ್ತಡ ಇರಬೇಕು. ಬಾವಿಯ ನೀರಿಗೆ ಆ ಒತ್ತಡ ಕೊಡಲು ಸಾಮಾನ್ಯವಾಗಿ ಮೋಟಾರು ಬೇಕು. ಅಮೆರಿಕದಲ್ಲಿ ಗ್ರಾಮೀಣ ವಿದ್ಯುದೀಕರಣ ಆಡಳಿತ 1935ರಲ್ಲಿ ಸ್ಥಾಪನೆಯಾಗಿ, ಅದರ ಕಾಯಿದೆ 1936ರಲ್ಲಿ ಜಾರಿಗೆ ಬಂದಾಗ ಹತ್ತರಲ್ಲಿ ಸುಮಾರು ಒಂದು ಫಾರ್ಮ್‌ಗೆ ಮಾತ್ರ ಕರೆಂಟ್ ಇತ್ತು. ಮುಂದಿನ ಎರಡು ದಶಕಗಳಲ್ಲಿ ತಂತಿ ಹಳ್ಳಿಹಳ್ಳಿಗೆ ತಲುಪಿತು. ಬೋರ್‌ವೆಲ್ ಮೋಟಾರು, ಒತ್ತಡದ ಟ್ಯಾಂಕ್, ನೆಲದಡಿಯ ಪೈಪು, ಅದರ ತುದಿಗೊಂದು ಹೈಡ್ರಂಟ್ ಎಂಬ ಜೋಡಣೆ ರೂಢಿಯಾಯಿತು. ತಯಾರಕರಲ್ಲಿ ಹಲವರು ಮೊದಲಿನಿಂದ ಪಂಪು, ಗಾಳಿಯಂತ್ರಗಳ ವ್ಯಾಪಾರದಲ್ಲಿದ್ದವರು. ವಿಸ್ಕಾನ್ಸಿನ್‌ನ ಇವಾನ್ಸ್‌ವಿಲ್‌ನಲ್ಲಿ 1873ರಲ್ಲಿ ಆರಂಭವಾದ ಬೇಕರ್ ಕಂಪನಿ ಅಂಥದ್ದು. ಕೊಲರಾಡೊ ಸ್ಪ್ರಿಂಗ್ಸ್‌ನ ವುಡ್‌ಫರ್ಡ್, ಅಯೋವಾದ ಸ್ಟಾರ್ಮ್ ಲೇಕ್‌ನ ಮೆರಿಲ್, ಜಾರ್ಜಿಯಾದ ಮೆಕ್‌ಡೊನಾದ ಸಿಮನ್ಸ್ ಇತರ ಪರಿಚಿತ ತಯಾರಕರು.

ರಚನೆ ಮತ್ತು ಕಾರ್ಯವಿಧಾನ

ಹೊರಗೆ ಕಾಣುವುದು ಮೂರೇ ಭಾಗ: ನೆಲದಿಂದ ಎರಡು ಮೂರು ಅಡಿ ಮೇಲೆದ್ದ ನಿಲುಕೊಳವೆ, ಅದರ ಮೇಲೆ ಕೂತ ಎರಕದ ತಲೆ, ತಲೆಗೆ ಸಿಕ್ಕಿಸಿದ ಹಿಡಿ. ತಲೆಯ ಮೂತಿಯಲ್ಲಿ ಮುಕ್ಕಾಲು ಇಂಚಿನ ಹೋಸ್‌ಪೈಪ್ ತಿರುಗಿಸಿ ಸಿಕ್ಕಿಸುವ ಮರೆ ಇರುತ್ತದೆ. ನಿಲುಕೊಳವೆ ಸಾಮಾನ್ಯವಾಗಿ ಒಂದು ಇಂಚಿನ ಜಿಐ ಪೈಪು. ಅದರ ಒಳಗೆ ಮೇಲಿಂದ ಕೆಳಗಿನವರೆಗೆ ಒಂದು ಸರಳು ಓಡುತ್ತದೆ. ಮೇಲ್ತುದಿ ಹಿಡಿಯ ಕೀಲಿಗೆ, ಕೆಳತುದಿ ರಬ್ಬರ್ ಮುಖದ ಪ್ಲಂಜರ್‌ಗೆ ಸೇರಿದೆ. ಸರಳು ತಲೆಯೊಳಕ್ಕೆ ಹಾಯುವ ಜಾಗದಲ್ಲಿ ನೀರು ಜಿನುಗದಂತೆ ಪ್ಯಾಕಿಂಗ್ ಇದ್ದು, ಅದನ್ನು ಪ್ಯಾಕಿಂಗ್ ನಟ್ ಒತ್ತಿಹಿಡಿಯುತ್ತದೆ. ತಳದಲ್ಲಿ ಹಿತ್ತಾಳೆಯ ವಾಲ್ವ್ ಒಡಲು, ಅದರೊಳಗೆ ಪ್ಲಂಜರ್ ಕೂರುವ ಪೀಠ, ಪೀಠದ ತುಸು ಮೇಲೆ ಪಕ್ಕಕ್ಕೆ ಬಸಿಗಂಡಿ. ಒಡಲಿನ ಸುತ್ತ ನೀರು ಹೀರಿಕೊಳ್ಳಲು ಜಲ್ಲಿ ತುಂಬಿರುತ್ತಾರೆ.

ಹಿಡಿ ಎತ್ತಿದರೆ ಸರಳು ಮೇಲೇಳುತ್ತದೆ, ಪ್ಲಂಜರ್ ಪೀಠ ಬಿಡುತ್ತದೆ, ನೀರು ಏರುತ್ತದೆ. ಅದೇ ಚಲನೆಯಲ್ಲಿ ಪ್ಲಂಜರಿನ ಮೈ ಬಸಿಗಂಡಿಯನ್ನು ಮುಚ್ಚುತ್ತದೆ. ಹಿಡಿ ಇಳಿಸಿದರೆ ಪ್ಲಂಜರ್ ಪೀಠಕ್ಕೆ ಬಿಗಿದು ನೀರು ನಿಲ್ಲುತ್ತದೆ, ಬಸಿಗಂಡಿ ತೆರೆದುಕೊಳ್ಳುತ್ತದೆ. ಅಂದರೆ ಒಂದೇ ಸರಳು ಎರಡು ಬಾಗಿಲುಗಳನ್ನು ಆಡಿಸುತ್ತದೆ, ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಹಿಡಿಯನ್ನು ಅರ್ಧಕ್ಕೆ ನಿಲ್ಲಿಸಿದರೆ ಎರಡೂ ತೆರೆದಿರುತ್ತವೆ. ಮೂತಿಯಿಂದ ಬರುವಷ್ಟು ಬಂದು ಉಳಿದದ್ದು ನೆಲದಡಿಯ ಜಲ್ಲಿಗೆ ಹರಿಯುತ್ತಲೇ ಇರುತ್ತದೆ. ಆದ್ದರಿಂದ ಹೈಡ್ರಂಟ್ ಪೂರ್ತಿ ತೆರೆಯಲು ಅಥವಾ ಪೂರ್ತಿ ಮುಚ್ಚಲು ಮಾತ್ರ ಮಾಡಿದ್ದು. ಹರಿವನ್ನು ಹದ ಮಾಡುವ ನಲ್ಲಿ ಅದಲ್ಲ. ತಯಾರಕರ ಸೂಚನಾಪತ್ರಗಳಲ್ಲಿ ಈ ಮಾತು ಇದ್ದೇ ಇರುತ್ತದೆ. ಲಾಯದಲ್ಲಿ ಬಕೆಟ್ ಹಿಡಿದವರಿಗೆ ಅದು ತಲುಪುವುದು ಅಪರೂಪ, ಮುಂದೆ ವಿವರಿಸುವ ದೋಷಗಳಲ್ಲಿ ಅನೇಕವು ಅಲ್ಲಿಂದಲೇ ಹುಟ್ಟುತ್ತವೆ.

ಬಸಿಯುವ ನೀರಿನ ಪ್ರಮಾಣ ಸಣ್ಣದಲ್ಲ. ಐದು ಅಡಿ ಹೂತು ಮೂರು ಅಡಿ ಮೇಲೆ ನಿಂತ ಒಂದು ಇಂಚಿನ ನಿಲುಕೊಳವೆಯಲ್ಲಿ, ಸರಳಿನ ಜಾಗ ಕಳೆದು, ಸುಮಾರು ಒಂದೂಕಾಲು ಲೀಟರ್ ನೀರು ನಿಲ್ಲುತ್ತದೆ. ಪ್ರತಿ ಸಲ ಮುಚ್ಚಿದಾಗಲೂ ಇಷ್ಟನ್ನು ಜಲ್ಲಿ ನುಂಗಬೇಕು. ಮೂತಿಗೆ ಹೋಸ್‌ಪೈಪ್ ಸಿಕ್ಕಿಸಿಯೇ ಬಿಟ್ಟಿದ್ದರೆ ಅದರೊಳಗಿನ ನೀರೂ ಹಿಂದಕ್ಕೆ ಬರುತ್ತದೆ. ಮುಕ್ಕಾಲು ಅಡಿಯಷ್ಟೂ ದಪ್ಪವಿಲ್ಲದ ಜಲ್ಲಿಯ ಹಾಸಿನ ಮೇಲೆ, ಜೇಡಿಮಣ್ಣಿನ ನಡುವೆ ನಿಲ್ಲಿಸಿದ ಹೈಡ್ರಂಟ್ ದಿನಕ್ಕೆ ಹತ್ತಾರು ಬಾರಿ ಬಳಕೆಯಾದರೆ ಬೇಗನೆ ತನ್ನದೇ ನೀರಿನಲ್ಲಿ ಮುಳುಗುತ್ತದೆ.

ಹೈಡ್ರಂಟನ್ನು ಅಳೆಯುವುದು ಒಟ್ಟು ಉದ್ದದಿಂದಲ್ಲ, ಹೂಳುವ ಆಳದಿಂದ. ಎರಡು ಅಡಿ ಹೈಡ್ರಂಟ್ ಎಂದರೆ ಎರಡು ಅಡಿ ಹೂತುಹೋಗುವಂಥದ್ದು. ಕುದುರೆಗಳಿಗೆ ಹೆಸರಾದ ಕೆಂಟಕಿಯ ಲೆಕ್ಸಿಂಗ್‌ಟನ್ ಸುತ್ತ ಎರಡು ಮೂರು ಅಡಿ ಸಾಕಾಗುತ್ತದೆ. ಮಿನೆಸೋಟದಲ್ಲಿ ಕಟ್ಟಡದ ಅಡಿಪಾಯಕ್ಕೆಂದು ನಿಯಮ ಹೇಳುವ ಹೆಪ್ಪಿನ ಆಳ ದಕ್ಷಿಣ ವಲಯದಲ್ಲಿ ಮೂರೂವರೆ ಅಡಿ, ಉತ್ತರ ವಲಯದಲ್ಲಿ ಐದು ಅಡಿ. ಹೈಡ್ರಂಟ್ ಅದಕ್ಕೂ ಕೆಳಗೆ ಹೋಗಬೇಕು. ಹಿಮ ತೆರವು ಮಾಡಿದ ದಾರಿ, ಗೇಟಿನ ಬುಡದಲ್ಲಿ ಕುದುರೆಗಳು ತುಳಿದು ಗಟ್ಟಿಯಾದ ನೆಲ ಇವುಗಳಲ್ಲಿ ಹೆಪ್ಪು ಪಕ್ಕದ ಹುಲ್ಲುಗಾವಲಿಗಿಂತ ಆಳಕ್ಕೆ ಇಳಿಯುತ್ತದೆ. ಸಡಿಲ ಹಿಮದ ಹೊದಿಕೆ ಮಣ್ಣಿನ ಬಿಸಿಯನ್ನು ಕಾಪಾಡುತ್ತದೆ, ತುಳಿದ ಹಿಮ ಕಾಪಾಡುವುದಿಲ್ಲ. ಆದರೆ ಹೈಡ್ರಂಟ್ ಬೇಕಾಗುವುದು ಹೆಚ್ಚಾಗಿ ಗೇಟಿನ ಬುಡದಲ್ಲೇ.

ಬಗೆಗಳು

ಮೇಲೆ ವಿವರಿಸಿದ್ದು ಮಣ್ಣಿಗೆ ಬಸಿಯುವ ಬಗೆ. ಫಾರ್ಮ್‌ಗಳಲ್ಲಿ ಇರುವುದು ಬಹುಪಾಲು ಇದೇ. ಎರಡನೆಯದು ನೈರ್ಮಲ್ಯ ಹೈಡ್ರಂಟ್. ಇದರಲ್ಲಿ ಮಣ್ಣಿಗೆ ತೆರೆದ ಬಸಿಗಂಡಿ ಇಲ್ಲ. ಮುಚ್ಚಿದಾಗ ಉಳಿದ ನೀರು ಹೆಪ್ಪುಗೆರೆಯ ಕೆಳಗಿನ ಮುಚ್ಚಿದ ಡಬ್ಬಿಯೊಂದಕ್ಕೆ ಇಳಿಯುತ್ತದೆ. ಮುಂದಿನ ಸಲ ತೆರೆದಾಗ ಹರಿಯುವ ನೀರಿನ ಸೆಳೆತವೇ ಡಬ್ಬಿಯನ್ನು ಬರಿದು ಮಾಡುತ್ತದೆ. ಹಾಗೆ ಬರಿದಾಗಲು ಸಾಕಷ್ಟು ಹೊತ್ತು ಪೂರ್ತಿ ಹರಿವು ಬೇಕು. ಒಂದೆರಡು ಲೋಟ ಹಿಡಿದು ಮುಚ್ಚುವ ಅಭ್ಯಾಸವಿರುವ ಕಡೆ ಡಬ್ಬಿ ತುಂಬಿಕೊಂಡು ಕಂಬ ಹೆಪ್ಪುಗಟ್ಟುತ್ತದೆ. ಆದರೂ ಅಂತರ್ಜಲ ಮೇಲಿರುವ ಜೌಗು ನೆಲಕ್ಕೆ ಇದೇ ಸರಿ. ಬಸಿಗಂಡಿಯ ಹೈಡ್ರಂಟ್ ಅಲ್ಲಿ ಬಸಿಯುವ ಬದಲು ತುಂಬಿಕೊಳ್ಳುತ್ತದೆ.

ಗೋಡೆಯಿಂದ ಹೊರಚಾಚುವ ಉದ್ದ ಕಾಂಡದ ಗೋಡೆ ಹೈಡ್ರಂಟ್‌ನಲ್ಲಿ ವಾಲ್ವ್ ಮಣ್ಣಿನ ಬದಲು ಕಟ್ಟಡದ ಬೆಚ್ಚಗಿನ ಒಳಭಾಗದಲ್ಲಿರುತ್ತದೆ. ಬಿಸಿ ವ್ಯವಸ್ಥೆಯಿಲ್ಲದ ಲಾಯಗಳೇ ಹೆಚ್ಚಾದ್ದರಿಂದ ಕುದುರೆ ಫಾರ್ಮ್‌ನಲ್ಲಿ ಇದರ ಪ್ರಯೋಜನ ಮಿತ. ಕುದುರೆ ತಾನೇ ಮೂತಿಯಿಂದ ಪಟ್ಟಿ ಒತ್ತಿ ಬೋಗುಣಿ ತುಂಬಿಸಿಕೊಳ್ಳುವ, ಉಳಿದ ನೀರು ನೆಲದಡಿಗೆ ಬಸಿಯುವ ಕುಡಿಯುವ ಕಂಬಗಳೂ ಇವೆ, ತತ್ತ್ವ ಒಂದೇ. ತೇಲುಗುಂಡಿನ ವಾಲ್ವ್ ಮತ್ತು ವಿದ್ಯುತ್ ಹೀಟರ್ ಇರುವ ಸ್ವಯಂಚಾಲಿತ ತೊಟ್ಟಿಗಳು ಬೇರೆಯೇ ವರ್ಗಕ್ಕೆ ಸೇರಿದವು, ಅವು ಈ ಲೇಖನದ ವ್ಯಾಪ್ತಿಯಲ್ಲಿಲ್ಲ.

ಕುದುರೆ ಫಾರ್ಮ್‌ನಲ್ಲಿ ಬಳಕೆ

ಕೆಲಸವಿಲ್ಲದೆ ನಿಂತ ವಯಸ್ಕ ಕುದುರೆಗೆ ದಿನಕ್ಕೆ ಸುಮಾರು 20ರಿಂದ 40 ಲೀಟರ್ ನೀರು ಬೇಕು. ಹಾಲೂಡುವ ಹೆಣ್ಣು ಕುದುರೆಗೂ ಬಿಸಿಲಲ್ಲಿ ದುಡಿಯುವ ಕುದುರೆಗೂ ಇದಕ್ಕಿಂತ ಹೆಚ್ಚು. ಚಳಿಗಾಲದಲ್ಲಿ ಕುದುರೆ ಹಸಿ ಹುಲ್ಲು ಬಿಟ್ಟು ಒಣಹುಲ್ಲು ತಿನ್ನುತ್ತದೆ, ಮೇವಿನಿಂದ ಸಿಗುತ್ತಿದ್ದ ನೀರು ನಿಲ್ಲುತ್ತದೆ. ಅದೇ ಹೊತ್ತಿಗೆ ಮಂಜಿನಷ್ಟು ತಣ್ಣಗಿನ ನೀರು ಕುಡಿಯಲು ಅದು ಹಿಂಜರಿಯುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಳಿಯ ದಿನಗಳಲ್ಲಿ ಬೆಚ್ಚಗಿನ ನೀರು ಸಿಕ್ಕ ಪೋನಿಗಳು ಕೊರೆಯುವ ನೀರು ಸಿಕ್ಕವುಗಳಿಗಿಂತ ಹೆಚ್ಚು ಕುಡಿದವು. ನೀರು ಕಡಿಮೆಯಾದರೆ ಕರುಳಿನಲ್ಲಿ ಮೇವು ಒಣಗಿ ಕಟ್ಟಿಕೊಳ್ಳುತ್ತದೆ. ಕಾಲಿಕ್ ಎಂದು ಕುದುರೆ ಸಾಕುವವರು ಕರೆಯುವ ಹೊಟ್ಟೆಶೂಲೆಯ ಒಂದು ಬಗೆ ಇದು, ಪ್ರಾಣಕ್ಕೂ ಎರವಾಗಬಹುದು. ಇಪ್ಪತ್ತು ಕುದುರೆಗಳ ಫಾರ್ಮ್‌ನಲ್ಲಿ ಹೈಡ್ರಂಟ್ ಕೈಕೊಟ್ಟರೆ ದಿನಕ್ಕೆ ಅರ್ಧ ಟನ್‌ಗೂ ಮೀರಿದ ನೀರನ್ನು ಮನೆಯ ನಲ್ಲಿಯಿಂದ ಬಕೆಟ್‌ನಲ್ಲಿ ಹೊರಬೇಕಾಗುತ್ತದೆ. ಫಾರ್ಮ್‌ನ ದುರಸ್ತಿಪಟ್ಟಿಯಲ್ಲಿ ಹೈಡ್ರಂಟ್‌ಗೆ ಬೇಲಿಯಷ್ಟೇ ಮುಖ್ಯ ಸ್ಥಾನವಿರುವುದು ಇದರಿಂದ.

ಕುದುರೆಗಳಿಂದ ಹೈಡ್ರಂಟ್‌ಗೂ ಹೈಡ್ರಂಟ್‌ನಿಂದ ಕುದುರೆಗಳಿಗೂ ಅಪಾಯವಿದೆ. ಮೈ ತುರಿಸಿಕೊಳ್ಳಲು ಐನೂರು ಕಿಲೋ ತೂಕದ ಪ್ರಾಣಿ ನಿಲುಕೊಳವೆಗೆ ಒರಗಿದರೆ ಅದು ಬಾಗುತ್ತದೆ, ಒಳಗಿನ ಸರಳು ಉಜ್ಜತೊಡಗುತ್ತದೆ, ನೆಲದಡಿಯ ಮರೆ ಸಡಿಲವಾಗುತ್ತದೆ. ಇತ್ತ ತಲೆಪಟ್ಟಿ ಹಿಡಿಗೆ ಸಿಕ್ಕಿಕೊಂಡ ಕುದುರೆ ಬೆದರಿ ಹಿಂದಕ್ಕೆಳೆದರೆ ಕುತ್ತಿಗೆಗೆ ಪೆಟ್ಟಾಗುತ್ತದೆ. ಹಿಡಿಯನ್ನು ಮೂತಿಯಿಂದ ಎತ್ತಿ ನೀರು ಬಿಟ್ಟುಕೊಳ್ಳಲು ಕಲಿಯುವ ಕುದುರೆಗಳೂ ಉಂಟು. ಹಲವು ಮಾದರಿಗಳ ಹಿಡಿಯಲ್ಲಿ ಬೀಗ ಹಾಕಲು ತೂತಿರುತ್ತದೆ, ಇಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಹೈಡ್ರಂಟನ್ನು ಬೇಲಿಯ ಹೊರಮಗ್ಗುಲಲ್ಲಿ, ಮೂತಿ ಮಾತ್ರ ತೊಟ್ಟಿಯ ಕಡೆಗೆ ಮುಖಮಾಡುವಂತೆ ನಿಲ್ಲಿಸುವುದು ಉತ್ತಮ ಕ್ರಮ. ಒಳಗೇ ಬೇಕಾದರೆ ಗಟ್ಟಿ ಮರದ ಕಂಬಕ್ಕೆ ಬಿಗಿಯುತ್ತಾರೆ ಅಥವಾ ಅಗಲವಾದ ಪ್ಲಾಸ್ಟಿಕ್ ಮೋರಿಪೈಪಿನ ತುಂಡನ್ನು ಸುತ್ತ ನಿಲ್ಲಿಸುತ್ತಾರೆ. ಕಂಬಕ್ಕೂ ಹೈಡ್ರಂಟ್‌ಗೂ ನಡುವೆ ಗೊರಸು ಸಿಕ್ಕಿಕೊಳ್ಳುವಷ್ಟು ಸಂದು ಬಿಡಬಾರದು.

ದೋಷಪತ್ತೆ

ಹೈಡ್ರಂಟ್‌ನ ಮುಖ್ಯ ಭಾಗ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ನೀರು ಎಲ್ಲಿ ಕಾಣಿಸುತ್ತಿದೆ, ಹಿಡಿ ಯಾವ ಸ್ಥಿತಿಯಲ್ಲಿದ್ದಾಗ ಕಾಣಿಸುತ್ತಿದೆ ಎಂಬ ಎರಡು ಪ್ರಶ್ನೆಗಳಿಂದಲೇ ದೋಷವನ್ನು ಗುರುತಿಸಬೇಕು. ಹಾರೆ ಎತ್ತುವುದು ಅದಾದ ಮೇಲೆ.

ಮುಚ್ಚಿದ ಮೇಲೂ ಮೂತಿಯಿಂದ ನೀರು ಬರುತ್ತಿದ್ದರೆ ಪ್ಲಂಜರ್ ಪೀಠಕ್ಕೆ ಬಿಗಿಯುತ್ತಿಲ್ಲ. ಹಿಡಿಯ ಕೀಲಿನಲ್ಲಿ ಸರಳನ್ನು ಹಿಡಿದಿರುವ ಸ್ಕ್ರೂ ಸಡಿಲವಾಗಿ ಸರಳು ಸಾಕಷ್ಟು ಕೆಳಗಿಳಿಯದಿರುವುದು ಅತ್ಯಂತ ಅಗ್ಗದ ಕಾರಣ, ಮೊದಲು ಅದನ್ನೇ ನೋಡಬೇಕು. ಆಮೇಲೆ ಪೀಠಕ್ಕೂ ರಬ್ಬರಿಗೂ ನಡುವೆ ಸಿಕ್ಕ ಮರಳಿನ ಕಣ. ಹಿಡಿಯನ್ನು ನಾಲ್ಕಾರು ಬಾರಿ ಪೂರ್ತಿ ಎತ್ತಿ ರಭಸದ ನೀರು ಬಿಟ್ಟರೆ ಕಣ ತೊಳೆದುಹೋಗಬಹುದು. ಎರಡೂ ಅಲ್ಲವಾದರೆ ರಬ್ಬರ್ ಸವೆದಿದೆ. ಮರಳು ಬರುವ ಬೋರ್‌ವೆಲ್ ಇರುವ ಕಡೆ ಇದು ಬೇಗ ಸವೆಯುತ್ತದೆ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿ ವರ್ಷಕ್ಕೆ 3,000 ಗ್ಯಾಲನ್‌ಗೂ ಹೆಚ್ಚು, ಅಂದರೆ 11,000 ಲೀಟರಿಗೂ ಮಿಕ್ಕಿ ನೀರು ಪೋಲು ಮಾಡುತ್ತದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕ.

ಮೂತಿ ಒಣಗಿದೆ, ಆದರೆ ಬುಡದ ಮಣ್ಣು ಸದಾ ಒದ್ದೆ ಎಂದಾದರೆ ಪ್ರಶ್ನೆ ತುಸು ತೊಡಕಿನದು. ಪ್ಲಂಜರ್ ಅಲ್ಪಸ್ವಲ್ಪ ಸೋರುತ್ತಿದ್ದು ಆ ನೀರು ಮೂತಿಯವರೆಗೆ ಏರದೆ ಬಸಿಗಂಡಿಯಿಂದಲೇ ಹೋಗುತ್ತಿರಬಹುದು. ಒಡಲಿಗೂ ಸರಬರಾಜು ಪೈಪಿಗೂ ನಡುವಿನ ಜೋಡಣೆ ಸೋರುತ್ತಿರಬಹುದು. ಯಾರೂ ನೀರು ಬಳಸದ ರಾತ್ರಿಯಲ್ಲಿ ಬೋರ್‌ವೆಲ್ ಮೋಟಾರು ಆಗಾಗ ತಾನೇ ಚಾಲೂ ಆಗಿ ನಿಲ್ಲುವುದು ಎರಡಕ್ಕೂ ಸಾಕ್ಷಿ. ನಿಲುಕೊಳವೆಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಹಿಡಿಗೆ ಕಿವಿಯಿಟ್ಟು ಆಲಿಸಿದರೆ ಪ್ಲಂಜರಿನ ಸೋರಿಕೆ ಸಣ್ಣ ಸುಯ್ಯಾಟವಾಗಿ ಕೇಳಿಸುತ್ತದೆ. ಬುಡದಲ್ಲಿ ನೀರು ಉಕ್ಕುವುದು ಹಿಡಿ ಎತ್ತಿದಾಗ ಮಾತ್ರವಾದರೆ ಬೇರೆ ಕಾರಣ ಹುಡುಕಬೇಕು. ಒಂದೋ ಹಿಡಿ ಪೂರ್ತಿ ಏರುತ್ತಿಲ್ಲ, ಇಲ್ಲವೇ ಸರಳಿನ ಹೊಂದಾಣಿಕೆ ತಪ್ಪಿ ಪ್ಲಂಜರ್ ಬಸಿಗಂಡಿಯವರೆಗೆ ಏರುತ್ತಿಲ್ಲ, ಅದೂ ಅಲ್ಲದಿದ್ದರೆ ನಿಲುಕೊಳವೆ ಮಣ್ಣಿನೊಳಗೆ ತುಕ್ಕುಹಿಡಿದು ತೂತಾಗಿದೆ.

ತಲೆಯ ಮೇಲ್ಭಾಗದಲ್ಲಿ, ಸರಳಿನ ಸುತ್ತ ನೀರು ಜಿನುಗುವುದು ಪ್ಯಾಕಿಂಗ್‌ನ ದೋಷ. ಇದು ಅಷ್ಟೇನೂ ಗಂಭೀರವಲ್ಲದಿದ್ದರೂ ಚಳಿಗಾಲದಲ್ಲಿ ಜಿನುಗಿದ ನೀರು ಕೀಲಿನ ಮೇಲೆ ಮಂಜುಗಡ್ಡೆಯಾಗಿ ಹಿಡಿಯನ್ನೇ ಕಟ್ಟಿಹಾಕುತ್ತದೆ. ಹಿಡಿ ಅಲುಗದಿದ್ದರೆ ಒಳಗೆಲ್ಲ ಹೆಪ್ಪುಗಟ್ಟಿದೆಯೆಂದು ತಕ್ಷಣ ತೀರ್ಮಾನಿಸದೆ ಮೊದಲು ತಲೆಗೆ ಒಂದು ಕೆಟಲ್ ಬಿಸಿನೀರು ಸುರಿದು ನೋಡುವುದು ಇದೇ ಕಾರಣಕ್ಕೆ.

ಬಸಿಗಂಡಿ ಕಟ್ಟಿಕೊಂಡಿದೆಯೇ ಎಂದು ಚಳಿ ಬರುವ ಮೊದಲೇ ತಿಳಿಯಲು ಒಂದು ಅಂಗೈ ಸಾಕು. ಹೋಸ್‌ಪೈಪ್ ಬಿಚ್ಚಿ, ಹೈಡ್ರಂಟ್ ಪೂರ್ತಿ ತೆರೆದು ನೀರು ಬಿಟ್ಟು, ಮುಚ್ಚಿದೊಡನೆ ಮೂತಿಗೆ ಅಂಗೈಯನ್ನು ಬಿಗಿಯಾಗಿ ಒತ್ತಿಹಿಡಿಯಬೇಕು. ಕೆಳಗೆ ನೀರು ಬಸಿಯುತ್ತಿದ್ದರೆ ಕಂಬದೊಳಗೆ ಗಾಳಿಯ ಒತ್ತಡ ಇಳಿದು ಅಂಗೈಯ ಚರ್ಮ ಒಳಕ್ಕೆ ಸೆಳೆದಂತಾಗುತ್ತದೆ; ಕೈ ತೆಗೆದಾಗ ಗಾಳಿ ಒಳನುಗ್ಗುವ ಸದ್ದು ಕೇಳುತ್ತದೆ. ಸೆಳೆತವೇ ಇಲ್ಲದಿದ್ದರೆ ನೀರು ಕಂಬದಲ್ಲೇ ನಿಂತಿದೆ. ಹೂಳು, ಬೇರು, ತುಕ್ಕಿನ ಚೂರು, ಮೇಲೆದ್ದ ಅಂತರ್ಜಲ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ವರ್ಷಗಟ್ಟಲೆ ಹಿಡಿಯನ್ನು ಅರ್ಧ ಎತ್ತಿ ಬಳಸಿದ ಹೈಡ್ರಂಟ್‌ನಲ್ಲಿ ಬಸಿಗಂಡಿಯಿಂದ ಚಿಮ್ಮಿದ ನೀರು ಸುತ್ತಲ ಮಣ್ಣನ್ನು ಕಲಕಿ ಜಲ್ಲಿಯ ಸಂದುಗಳಿಗೆ ತುಂಬಿಸಿರುತ್ತದೆ.

ಬಸಿಗಂಡಿ ಸರಿಯಿದ್ದೂ ಹೆಪ್ಪುಗಟ್ಟುವ ಹೈಡ್ರಂಟ್‌ಗಳಲ್ಲಿ ತಪ್ಪಿತಸ್ಥ ಸಾಮಾನ್ಯವಾಗಿ ಹೋಸ್‌ಪೈಪ್. ಕಂಬದ ನೀರು ಇಳಿಯಬೇಕಾದರೆ ಮೂತಿಯಿಂದ ಗಾಳಿ ಒಳಬರಬೇಕು. ತುದಿಯಲ್ಲಿ ನಾಜಲ್ ಮುಚ್ಚಿದ, ಅಥವಾ ತೊಟ್ಟಿಯ ನೀರಿನಲ್ಲಿ ಮುಳುಗಿದ ಹೋಸ್‌ಪೈಪ್ ಆ ದಾರಿಯನ್ನು ಕಟ್ಟಿಬಿಡುತ್ತದೆ. ಮೂತಿಗೆ ಎರಡು ಮೂರು ಕವಲಿನ ನಲ್ಲಿ ಸಿಕ್ಕಿಸಿ ಅವನ್ನು ಮುಚ್ಚಿಟ್ಟರೂ ಇದೇ ಫಲ. ಸಂಜೆ ಎಂಟಕ್ಕೆ ಹೋಸ್‌ಪೈಪ್ ಬಿಚ್ಚದೆ ಹೋದ ಲಾಯದಲ್ಲಿ ಬೆಳಿಗ್ಗೆ ಆರಕ್ಕೆ ಹಿಡಿ ಮೇಲೇಳುವುದಿಲ್ಲ.

ದುರಸ್ತಿ

ಪ್ಯಾಕಿಂಗ್ ಜಿನುಗಿದರೆ ಪ್ಯಾಕಿಂಗ್ ನಟ್ಟನ್ನು ಕಾಲು ಸುತ್ತಿನಷ್ಟು ಬಿಗಿದು ನೋಡುವುದು ಮೊದಲ ಹೆಜ್ಜೆ. ಅತಿಯಾಗಿ ಬಿಗಿದರೆ ಹಿಡಿ ಗಡುಸಾಗುತ್ತದೆ. ಬಿಗಿದರೂ ನಿಲ್ಲದಿದ್ದರೆ ನಟ್ ಬಿಚ್ಚಿ ಹೊಸ ಪ್ಯಾಕಿಂಗ್ ಹಾಕಬೇಕು. ಹಿಡಿಯ ಹೊಂದಾಣಿಕೆಗೆ ಸಾಧಾರಣ ಸ್ಕ್ರೂಡ್ರೈವರ್ ಅಥವಾ ಸ್ಪ್ಯಾನರ್ ಸಾಕು: ಸರಳನ್ನು ಹಿಡಿದ ಸ್ಕ್ರೂ ಸಡಿಲಿಸಿ, ಹಿಡಿ ಕೆಳಗಿಳಿಯುವ ಕೊನೆಯ ಹಂತದಲ್ಲಿ ಗಟ್ಟಿ ತಡೆ ಸಿಕ್ಕು ಅದನ್ನು ದಾಟಿ ಕೂರುವಂತೆ ಸರಿಪಡಿಸಿ ಮತ್ತೆ ಬಿಗಿಯಬೇಕು. ಸರಳನ್ನು ಬೇಕಾದ್ದಕ್ಕಿಂತ ಕೆಳಗಿಳಿಸಿ ಬಿಗಿದರೆ ಸೋರಿಕೆ ನಿಲ್ಲುತ್ತದೆ, ಆದರೆ ಎತ್ತಿದಾಗ ಬಸಿಗಂಡಿ ಮುಚ್ಚುವುದಿಲ್ಲ. ಒಂದು ದೋಷ ಹೋಗಿ ಕಣ್ಣಿಗೆ ಕಾಣದ ಇನ್ನೊಂದು ದೋಷ ಬಂತು ಎಂದಷ್ಟೇ ಆಗುತ್ತದೆ.

ಪ್ಲಂಜರ್ ಬದಲಿಸಲು ನೆಲ ಅಗೆಯಬೇಕಿಲ್ಲ. ಈ ಉಪಕರಣದ ವಿನ್ಯಾಸದಲ್ಲಿ ಮೆಚ್ಚಬೇಕಾದ ಅಂಶವಿದು: ಬೇಗ ಸವೆಯುವ ಭಾಗವೆಲ್ಲ ಮೇಲಿನಿಂದಲೇ ಹೊರಬರುತ್ತದೆ. ಮೊದಲು ಹೈಡ್ರಂಟ್‌ಗೆ ನೀರು ತರುವ ಪೈಪ್‌ಸಾಲಿನ ಗೇಟ್ ವಾಲ್ವ್ ಮುಚ್ಚಿ ಅಥವಾ ಮೋಟಾರಿನ ಸ್ವಿಚ್ ಆರಿಸಿ, ಹೈಡ್ರಂಟ್ ತೆರೆದು ಪೈಪಿನ ಒತ್ತಡ ಇಳಿಸಬೇಕು. ಕೀಲಿನ ಸ್ಕ್ರೂ ಸಡಿಲಿಸಿದ ಮೇಲೆ ತಲೆಯನ್ನು ನಿಲುಕೊಳವೆಯಿಂದ ತಿರುಗಿಸಿ ತೆಗೆಯುವುದು. ಇದಕ್ಕೆ ಎರಡು ಪೈಪ್ ರೆಂಚ್ ಬೇಕು. ಒಂದು ತಲೆಯನ್ನು ತಿರುಗಿಸುವಾಗ ಇನ್ನೊಂದು ನಿಲುಕೊಳವೆಯನ್ನು ಅಲುಗದಂತೆ ಎದುರು ದಿಕ್ಕಿಗೆ ಹಿಡಿದಿರಬೇಕು. ಒಂದೇ ರೆಂಚ್ ಹಾಕಿ ಬಲಪ್ರಯೋಗ ಮಾಡಿದರೆ ಮೇಲಿನ ಮರೆಯ ಬದಲು ಐದು ಅಡಿ ಕೆಳಗಿನ ಮರೆ ತಿರುಗಿಬಿಡುತ್ತದೆ, ಅರ್ಧ ಗಂಟೆಯ ಕೆಲಸ ಜೆಸಿಬಿ ಕರೆಸುವಲ್ಲಿಗೆ ಮುಟ್ಟುತ್ತದೆ. ತುಕ್ಕು ಹಿಡಿದ ಮರೆಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡುವುದು ಒಳ್ಳೆಯದು.

ತಲೆ ಬಂದ ಮೇಲೆ ಸರಳನ್ನು ನೇರವಾಗಿ ಮೇಲಕ್ಕೆ ಎಳೆದರೆ ತುದಿಯಲ್ಲಿ ಪ್ಲಂಜರ್ ಬರುತ್ತದೆ. ಸವೆದ ರಬ್ಬರಿನ ಮುಖದಲ್ಲಿ ಪೀಠದ ಅಂಚು ಕೊರೆದ ಉಂಗುರದ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಆ ಉಂಗುರ ಒಂದು ಕಡೆ ಆಳ, ಇನ್ನೊಂದು ಕಡೆ ತೆಳುವಾಗಿದ್ದರೆ ಸರಳು ಬಾಗಿದೆ ಎಂದರ್ಥ. ಹಳೆಯ ಪ್ಲಂಜರ್ ತಿರುಗಿಸಿ ತೆಗೆದು ಅದೇ ತಯಾರಕರ, ಅದೇ ಮಾದರಿಯ ಹೊಸದನ್ನು ಹಾಕಬೇಕು. ನೋಟಕ್ಕೆ ಒಂದೇ ತರಹ ಕಂಡರೂ ಒಂದು ಕಂಪನಿಯ ಪ್ಲಂಜರ್ ಇನ್ನೊಂದರ ಪೀಠಕ್ಕೆ ಹೊಂದುವುದಿಲ್ಲ. ಸರಳು ಹೊರಗಿರುವಾಗಲೇ ಗೇಟ್ ವಾಲ್ವನ್ನು ಒಂದೆರಡು ಸೆಕೆಂಡು ತೆರೆದರೆ ಪೀಠದ ಮೇಲಿನ ಮರಳು, ತುಕ್ಕಿನ ಪುಡಿ ಚಿಮ್ಮಿ ಹೋಗುತ್ತವೆ. ಹತ್ತಿರ ನಿಂತವರು ನೆನೆಯುವುದು ಖಂಡಿತ. ಕುಡಿಯುವ ನೀರಿಗೆ ತಕ್ಕ ಸಿಲಿಕೋನ್ ಗ್ರೀಸ್ ಸವರಿ, ತಲೆಯ ಮರೆಗೆ ಟೆಫ್ಲಾನ್ ಟೇಪ್ ಸುತ್ತಿ ಮರುಜೋಡಿಸಿ, ಹಿಡಿಯ ಹೊಂದಾಣಿಕೆ ಮಾಡಿ, ಕೊನೆಗೆ ಅಂಗೈ ಪರೀಕ್ಷೆಯನ್ನು ಮಾಡಬೇಕು. ಹೊಸ ಪ್ಲಂಜರ್ ಹಾಕಿದರೂ ಸೋರಿಕೆ ನಿಲ್ಲದಿದ್ದರೆ ಪೀಠವೇ ಗೀರುಬಿದ್ದಿದೆ. ಪೀಠವನ್ನು ಮೇಲಿನಿಂದ ಬಿಚ್ಚಿ ತೆಗೆಯಬಲ್ಲ ಮಾದರಿಗಳು ಕೆಲವೇ. ಉಳಿದವುಗಳಿಗೆ ಅಗೆತ ತಪ್ಪದು.

ಕಟ್ಟಿಕೊಂಡ ಬಸಿಗಂಡಿಯನ್ನು ಬಿಡಿಸಲು ಹೈಡ್ರಂಟ್ ಮುಚ್ಚಿದ ಸ್ಥಿತಿಯಲ್ಲಿ ಮೂತಿಗೆ ಏರ್ ಕಂಪ್ರೆಸರ್ ಜೋಡಿಸಿ ಹದವಾದ ಒತ್ತಡದ ಗಾಳಿ ಬಿಡುವ ಕ್ರಮವಿದೆ. ಗಾಳಿಗೆ ಹೊರಹೋಗಲು ಇರುವ ದಾರಿ ಬಸಿಗಂಡಿಯೊಂದೇ ಆದ್ದರಿಂದ ಸಡಿಲ ಹೂಳಾದರೆ ತಳ್ಳಿಹೋಗುತ್ತದೆ. ಜಲ್ಲಿಯೇ ಮಣ್ಣುಗೂಡಿದ್ದರೆ ಈ ಉಪಶಮನ ತಾತ್ಕಾಲಿಕ. ಚಳಿಗಾಲದ ನಡುವೆ ಬೇರೆ ದಾರಿಯಿಲ್ಲದಾಗ, ಪ್ರತಿ ಬಳಕೆಯ ನಂತರ ತೆಳು ಕೊಳವೆಯನ್ನು ಮೂತಿಯ ಮೂಲಕ ಇಳಿಬಿಟ್ಟು ನೀರೆಳೆಯುವ ವ್ಯಾಕ್ಯೂಮ್ ಯಂತ್ರದಿಂದ ಕಂಬವನ್ನು ಬರಿದು ಮಾಡಿ ವಸಂತದವರೆಗೆ ದಿನ ದೂಡುವುದುಂಟು.

ಹೆಪ್ಪುಗಟ್ಟಿದ ಹೈಡ್ರಂಟನ್ನು ಕರಗಿಸುವಾಗ ಅವಸರವೇ ದೊಡ್ಡ ಶತ್ರು. ಹಿಡಿಗೆ ಸುತ್ತಿಗೆಯಿಂದ ಹೊಡೆದರೆ ಎರಕದ ತಲೆ ಒಡೆಯುತ್ತದೆ, ಸರಳು ಬಾಗುತ್ತದೆ. ನಿಲುಕೊಳವೆಗೆ ಬಟ್ಟೆ ಸುತ್ತಿ ಬಿಸಿನೀರು ಸುರಿಯುವುದು, ಹೇರ್ ಡ್ರೈಯರ್ ಹಿಡಿಯುವುದು, ಪೈಪಿಗೆಂದೇ ಮಾಡಿದ ವಿದ್ಯುತ್ ಹೀಟ್ ಟೇಪ್ ಸುತ್ತುವುದು ರೂಢಿಯ ವಿಧಾನಗಳು. ಒಣಹುಲ್ಲು, ಮರದ ಹೊಟ್ಟು ಹರಡಿರುವ ಲಾಯದಲ್ಲಿ ಬ್ಲೋಟಾರ್ಚ್ ಹಚ್ಚುವುದು ಲಾಯವನ್ನೇ ಕಳೆದುಕೊಳ್ಳುವ ದಾರಿ. ವಿದ್ಯುತ್ ಸಾಧನ ಬಳಸುವಲ್ಲಿ ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ ಬ್ರೇಕರ್ ಇರಬೇಕು. ಒದ್ದೆ ನೆಲದಲ್ಲಿ ಲಾಳ ಹೊಡೆದ ಕಾಲುಗಳಲ್ಲಿ ನಿಂತ ಕುದುರೆ ಮನುಷ್ಯನಿಗೆ ಗೊತ್ತಾಗದಷ್ಟು ಸಣ್ಣ ಸೋರಿಕೆಗೂ ಬೆಚ್ಚಿ ತೊಟ್ಟಿಯಿಂದ ದೂರ ಉಳಿಯುತ್ತದೆ. ವಾಹನದ ಆಂಟಿಫ್ರೀಜ್ ದ್ರವವನ್ನು ಯಾವ ಕಾರಣಕ್ಕೂ ಕಂಬಕ್ಕೆ ಸುರಿಯಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಪ್ರಾಣಿಗಳಿಗೆ ವಿಷ.

ಅಗೆದು ಬದಲಿಸುವುದು

ಒಡಲು ಸೀಳಿದ್ದರೆ, ಪೀಠ ಹಾಳಾಗಿದ್ದರೆ, ನಿಲುಕೊಳವೆ ನೆಲದಡಿ ತೂತಾಗಿದ್ದರೆ ಅಥವಾ ಜಲ್ಲಿ ಪೂರ್ತಿ ಮಣ್ಣುಗೂಡಿದ್ದರೆ ಅಗೆಯಬೇಕು. ಅಮೆರಿಕದಲ್ಲಿ ಅಗೆಯುವ ಮುನ್ನ 811ಕ್ಕೆ ಕರೆಮಾಡಿದರೆ ಸಾರ್ವಜನಿಕ ಗ್ಯಾಸ್, ವಿದ್ಯುತ್, ದೂರವಾಣಿ ಸಾಲುಗಳನ್ನು ಗುರುತು ಹಾಕಿಕೊಡುತ್ತಾರೆ. ಫಾರ್ಮ್‌ನ ಮಾಲೀಕರೇ ಎಳೆದುಕೊಂಡ ಖಾಸಗಿ ತಂತಿಗಳು ಆ ಗುರುತಿಗೆ ಸೇರುವುದಿಲ್ಲ. ಲಾಯದಿಂದ ಬೇಲಿಗೆ ಹೋದ ಕೇಬಲ್ ಎಲ್ಲಿದೆಯೆಂದು ತಾವೇ ನೆನಪಿಟ್ಟುಕೊಂಡಿರಬೇಕು. ಐದು ಅಡಿ ಅಥವಾ ಅದಕ್ಕೂ ಆಳದ ಕಂದಕಕ್ಕೆ, ಗಟ್ಟಿ ಬಂಡೆಯಲ್ಲದಿದ್ದರೆ, ಪಕ್ಕ ಕುಸಿಯದಂತೆ ಆಸರೆ ಕೊಡಬೇಕೆಂದು ಅಲ್ಲಿನ ಕಾರ್ಮಿಕ ಸುರಕ್ಷತಾ ನಿಯಮ ಹೇಳುತ್ತದೆ. ಕುದುರೆಗಳನ್ನು ಆ ಬಯಲಿನಿಂದ ಬೇರೆಡೆಗೆ ಸಾಗಿಸದೆ ಗುಂಡಿ ತೆರೆದಿಡುವಂತಿಲ್ಲ.

ಹೊಸ ಹೈಡ್ರಂಟ್ ಕೂರಿಸುವಾಗ ಬಸಿಗಂಡಿಯ ಕೆಳಗೂ ಸುತ್ತಲೂ ತೊಳೆದ ಜಲ್ಲಿಯನ್ನು ಧಾರಾಳವಾಗಿ ತುಂಬಿ, ಮೇಲೆ ಮಣ್ಣು ಸೋಸುವ ಬಟ್ಟೆ ಹೊದಿಸಿ ಆಮೇಲೆ ಮಣ್ಣು ಮುಚ್ಚುತ್ತಾರೆ. ಬಟ್ಟೆ ಹಾಕುವುದನ್ನು ಉಳಿತಾಯದ ನೆವದಲ್ಲಿ ಬಿಟ್ಟವರು ಕೆಲವೇ ವರ್ಷಗಳಲ್ಲಿ ಅದೇ ಗುಂಡಿಯನ್ನು ಮತ್ತೆ ತೋಡುತ್ತಾರೆ. ಪಾಲಿಥಿಲೀನ್ ಪೈಪನ್ನು ಒಡಲಿಗೆ ಸೇರಿಸುವಲ್ಲಿ ಸ್ಟೇನ್‌ಲೆಸ್ ಕ್ಲಿಪ್ ಒಂದರ ಬದಲು ಎರಡು ಹಾಕುವುದು ಪದ್ಧತಿ. ಮಣ್ಣು ಮುಚ್ಚುವ ಮೊದಲೇ ನೀರು ಬಿಟ್ಟು, ತೆರೆದು ಮುಚ್ಚಿ, ಬಸಿಗಂಡಿಯಿಂದ ನೀರು ಬರುವುದನ್ನು ಕಣ್ಣಾರೆ ನೋಡಬಹುದಾದ ಏಕೈಕ ಸಂದರ್ಭ ಇದು. ಪ್ರತಿ ಹೈಡ್ರಂಟ್‌ಗೂ ಬೇರೆ ಗೇಟ್ ವಾಲ್ವ್ ಹಾಕಿಟ್ಟರೆ ಮುಂದಿನ ದುರಸ್ತಿಯ ದಿನ ಇಡೀ ಫಾರ್ಮ್‌ನ ನೀರು ನಿಲ್ಲಿಸಬೇಕಾಗುವುದಿಲ್ಲ.

ನೀರಿನ ಶುಚಿತ್ವ ಮತ್ತು ಕಟ್ಟಳೆ

ಬಸಿಗಂಡಿ ಎರಡು ದಿಕ್ಕಿನ ದಾರಿ. ಗೊಬ್ಬರ, ಮೂತ್ರ ಬೆರೆತ ನೀರು ಸುತ್ತಲ ಮಣ್ಣಿನಲ್ಲಿ ನಿಂತಿದ್ದರೆ ಅದು ಕಂಬದೊಳಕ್ಕೂ ಬರಬಲ್ಲದು. ತೊಟ್ಟಿಯಲ್ಲಿ ಮುಳುಗಿದ ಹೋಸ್‌ಪೈಪ್ ಇನ್ನೊಂದು ಅಪಾಯ: ಸಾಲಿನ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ತೊಟ್ಟಿಯ ಕೊಳೆನೀರು ಹಿಂದಕ್ಕೆ ಸೆಳೆದುಕೊಂಡು ಮನೆಯ ಅಡುಗೆಮನೆಯ ನಲ್ಲಿಯವರೆಗೂ ಮುಟ್ಟಬಹುದು. ಇದನ್ನು ತಡೆಯಲು ಮೂತಿಗೆ ಹಾಕುವ ಹಿನ್ನೀರು ತಡೆಗೆ ಅಮೆರಿಕದ ಎಎಸ್‌ಎಸ್‌ಇ 1011 ಎಂಬ ಮಾನಕವೂ, ನೈರ್ಮಲ್ಯ ಹೈಡ್ರಂಟ್‌ಗಳಿಗೆ ಎಎಸ್‌ಎಸ್‌ಇ 1057 ಮಾನಕವೂ ಇವೆ. ತಾನೇ ಬಸಿಯದ ಹಿನ್ನೀರು ತಡೆಯನ್ನು ಕೂರಿಸಿದರೆ ನೀರು ಅದರ ಹಿಂದೆ ನಿಂತು ಹೆಪ್ಪುಗಟ್ಟುತ್ತದೆ. ಶೀತಪ್ರದೇಶಕ್ಕೆ ಬಸಿಯುವ ಬಗೆಯನ್ನೇ ಆರಿಸಬೇಕು. ಮಣ್ಣಿಗೆ ಬಸಿಯುವ ಹೈಡ್ರಂಟ್‌ಗಳನ್ನು ಕುಡಿಯುವ ನೀರಿನ ಸಾಲಿಗೆ ನೇರವಾಗಿ ಜೋಡಿಸುವುದಕ್ಕೆ ಹಲವು ಕಡೆ ನಿರ್ಬಂಧವಿದೆ. ಅಮೆರಿಕದಲ್ಲಿ 2014ರ ಜನವರಿಯಿಂದ ಕುಡಿಯುವ ನೀರಿನ ಉಪಕರಣಗಳ ನೀರು ತಾಗುವ ಭಾಗಗಳಲ್ಲಿ ಸೀಸದ ಪ್ರಮಾಣ ಸರಾಸರಿ ಶೇ. 0.25 ಮೀರುವಂತಿಲ್ಲ. ಹಳೆಯ ಹಿತ್ತಾಳೆ ಒಡಲಿನ ಹೈಡ್ರಂಟ್‌ಗಳು ಇದಕ್ಕೆ ಮೊದಲಿನವು.

ಇಂದಿನ ಸ್ಥಿತಿ

ಮೂಲ ವಿನ್ಯಾಸ ದಶಕಗಳಿಂದ ಹೆಚ್ಚೇನೂ ಬದಲಾಗಿಲ್ಲ. ಸೀಸವಿಲ್ಲದ ಮಿಶ್ರಲೋಹ, ಸ್ಟೇನ್‌ಲೆಸ್ ಉಕ್ಕಿನ ನಿಲುಕೊಳವೆ, ಮೇಲಿನಿಂದ ಬದಲಿಸಬಹುದಾದ ಪೀಠ ಇವು ಬಂದಿರುವ ಸುಧಾರಣೆಗಳು. ದೊಡ್ಡ ಫಾರ್ಮ್‌ಗಳು ಹೀಟರ್ ಇರುವ ಸ್ವಯಂಚಾಲಿತ ತೊಟ್ಟಿಗಳತ್ತ ಹೊರಳಿದ್ದರೂ ಕರೆಂಟ್ ಹೋದ ಹಿಮಬಿರುಗಾಳಿಯ ದಿನಕ್ಕೆಂದು ಹೈಡ್ರಂಟನ್ನು ಉಳಿಸಿಕೊಳ್ಳುತ್ತವೆ. ಒತ್ತಡದ ಟ್ಯಾಂಕಿನಲ್ಲಿ ನೀರಿರುವಷ್ಟು ಹೊತ್ತು, ಅಥವಾ ಊರಿನ ಸರಬರಾಜಿನ ಒತ್ತಡ ಇರುವವರೆಗೆ, ಅದಕ್ಕೆ ವಿದ್ಯುತ್ತಿನ ಹಂಗಿಲ್ಲ.

ಕರ್ನಾಟಕದಲ್ಲಿ ನೆಲ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಕುಣಿಗಲ್ ಮತ್ತು ಬೆಂಗಳೂರಿನ ಸುತ್ತಲಿನ ಸ್ಟಡ್ ಫಾರ್ಮ್‌ಗಳಿಗೆ ಈ ಉಪಕರಣದ ಅಗತ್ಯವಿಲ್ಲ. ಸಾಧಾರಣ ನಲ್ಲಿಯೇ ಸಾಕು. ಪ್ಯಾಕಿಂಗ್, ರಬ್ಬರ್ ಮತ್ತು ಪೀಠದ ಸವೆತ, ಎರಡು ರೆಂಚ್‌ಗಳ ಬಳಕೆ, ತೊಟ್ಟಿಯಲ್ಲಿ ಮುಳುಗಿದ ಹೋಸ್‌ಪೈಪಿನ ಅಪಾಯ ಈ ಮೂರು ಸಂಗತಿಗಳು ಮಾತ್ರ ಅಲ್ಲಿನ ನಲ್ಲಿಗಳಿಗೂ ಅನ್ವಯಿಸುತ್ತವೆ.